ಒಲೆಯ ಚಿಲಕದಲ್ಲಿ ಬ್ಲಾಂಕಾಳ ಏಪ್ರನ್

ಬ್ಲಾಂಕಾ ಶೌರ್ಕೊವಾಳ ಬಗ್ಗೆ ಬರೆದುಕೊಡಿ ಎಂದು ನನ್ನನ್ನೇ ಕೇಳಿದ್ದಾರೆ. ನಲವತ್ತು ವರ್ಷದ ಗೆಳೆತನ, ಓದಿದ್ದು ಒಂದೇ ಶಾಲೆ, ಗಾಜು ಕರಗಿಸುವುದು ಒಂದೇ ಒಲೆಯಲ್ಲಿ. ನಿಮಗಿಂತ ಚೆನ್ನಾಗಿ ಅವಳನ್ನು ಯಾರು ಬಲ್ಲರು ಎಂದರು. ನನಗಿಂತ ಹೆಚ್ಚು ಹೊಟ್ಟೆಕಿಚ್ಚು ಯಾರಿಗಿದೆ ಎಂದು ಮಾತ್ರ ಕೇಳಲಿಲ್ಲ.

ನಮ್ಮೂರು ಝೆಲೆಝ್ನಿ ಬ್ರೋದ್‌ನಲ್ಲಿ ಗಾಜು ಮುಟ್ಟದ ಮನೆ ಹುಡುಕಬೇಕು. ಬ್ಲಾಂಕಾಳ ಅಜ್ಜಿ ಮಣಿ ಪೋಣಿಸುತ್ತಿದ್ದಳು, ಅಪ್ಪ ಗಾಜಿನ ಗುಂಡಿಗಳನ್ನು ಅಚ್ಚೊತ್ತುತ್ತಿದ್ದ. ನಮ್ಮ ಮನೆಯಲ್ಲೂ ಅದೇ. ಆದರೆ ಗಾಜಿನ ಶಾಲೆಯ ಮೇಷ್ಟ್ರು ಅವಳ ಮಣ್ಣಿನ ಮಾದರಿಯ ಮುಂದೆ ನಿಂತು, "ಈ ಹುಡುಗಿಗೆ ಕಣ್ಣಿದೆ" ಎಂದರು. ನನ್ನದರ ಮುಂದೆ ನಿಂತು, "ದಾಶಾ, ನಿನ್ನ ಮೇಜು ಯಾವಾಗ್ಲೂ ಚೊಕ್ಕ ಕಣಮ್ಮ" ಎಂದರು. ಆ ಹೊಗಳಿಕೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕಾಡಿಗೆ ಅಣಬೆ ಆರಿಸಲು ಹೋದರೂ ಇದೇ ಕತೆ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿ ದಾಟಿದ ಮರದ ಬುಡದಲ್ಲೇ ಅವಳ ಬುಟ್ಟಿ ತುಂಬುತ್ತದೆ. "ಇಲ್ಲೇ ಇತ್ತಲ್ಲೇ, ತುಳ್ಕೊಂಡೇ ಹೋದ್ಯಲ್ಲ!" ಎಂದು ನಗುತ್ತಾಳೆ. ಗಂಡ ಬಿಟ್ಟುಹೋದಾಗಲಾದರೂ ಸ್ವಲ್ಪ ಕುಗ್ಗಿದಳೇ? ಅವನು ಖಾಲಿ ಮಾಡಿದ ಕಪಾಟನ್ನೇ ಹಸಿರು ಗಾಜಿನಲ್ಲಿ ಎರಕ ಹೊಯ್ದಳು. ಅದೀಗ ಒಂದು ಮ್ಯೂಸಿಯಮ್ಮಿನಲ್ಲಿದೆ. ನನ್ನ ಗಂಡ ಮನೆಯಲ್ಲೇ ಇದ್ದಾನೆ, ಅವನಿಂದ ನಾನು ಏನು ಮಾಡಲಿ?

ಗಾಜಿನ ತುಂಡುಗಳನ್ನು ಅಚ್ಚಿಗೆ ತುಂಬಿ ಕರಗಿಸುವುದು ದೊಡ್ಡ ವಿಷಯವಲ್ಲ, ಒಲೆಯೊಳಗೇ ಆರಲು ಬಿಟ್ಟು ಕಾಯುವುದೇ ತಪಸ್ಸು. ತೆಳುಗಾಜು ಬೇಗ ಆರುತ್ತದೆ. ದಪ್ಪಗಾಜಿಗೆ ವಾರಗಟ್ಟಲೆ ಬೇಕು, ನಡುವೆ ತಣ್ಣನೆ ಗಾಳಿ ತಾಗಿದರೆ ಸೀಳುತ್ತದೆ. ಹಾಗಾಗಿ ನಮ್ಮಲ್ಲೊಂದು ಕಟ್ಟಳೆ: ಒಳಗೆ ಯಾರ ಗಾಜು ಹೆಚ್ಚು ದಪ್ಪವೋ ಅವಳ ಏಪ್ರನ್ ಒಲೆಯ ಚಿಲಕದಲ್ಲಿ ನೇತಾಡಬೇಕು. ಅವಳೇ ಅದನ್ನು ತೆಗೆಯುವ ತನಕ ಇನ್ನೊಬ್ಬಳು ಬಾಗಿಲು ಮುಟ್ಟುವಂತಿಲ್ಲ. ನಮ್ಮ ಒಲೆಯಲ್ಲಿ ನೇತಾಡುವುದು ಯಾವಾಗಲೂ ಬ್ಲಾಂಕಾಳ ಏಪ್ರನ್ನೇ.

ಹೋದ ವಸಂತದಲ್ಲಿ ಲಿಬೆರೆತ್ಸ್ ನಗರದ ಗಾಜಿನ ಪ್ರದರ್ಶನದವರು ನಮ್ಮ ಒಲೆಯಿಂದ ಒಂದೇ ಕೃತಿ ತೆಗೆದುಕೊಳ್ಳುತ್ತೇವೆ ಎಂದರು. ಒಲೆ ತೆರೆದ ಮೇಲೆ ಬಂದು ಆರಿಸುತ್ತಾರಂತೆ. ಈ ವಯಸ್ಸಿನಲ್ಲಿ ನನಗೆ ಇನ್ನೊಂದು ಅವಕಾಶ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪರದೆ ಕಟ್ಟಿಕೊಂಡು ಕೂತು ನನ್ನಮ್ಮನ ತಲೆವಸ್ತ್ರವನ್ನು ಮಣ್ಣಿನಲ್ಲಿ ಮಾಡಿ ಅಚ್ಚು ತೆಗೆದೆ. ಕೆಲಸದಿಂದ ಬಂದು ಬಿಚ್ಚಿ ಎಸೆದಾಗ ಅದು ಹೇಗೆ ಬೀಳುತ್ತಿತ್ತೋ ಹಾಗೆ, ಮಡಿಕೆ ಸಮೇತ, ಅಷ್ಟೇ ತೆಳ್ಳಗೆ.

"ಏನೇ ಅದು, ತೋರ್ಸೇ" ಎಂದಳು ಬ್ಲಾಂಕಾ.

"ತಟ್ಟೆ."

"ತಟ್ಟೆಗೆ ಇಷ್ಟೊಂದು ಪರದೆಯಾ? ಮದುಮಗಳೇನೇ ಅದು?"

ಅವಳಿಲ್ಲದಾಗ ಅಚ್ಚಿಗೆ ಗಾಜು ತುಂಬಿ ಒಲೆಯಲ್ಲಿಟ್ಟೆ. ಕರಗುವ ತನಕ ಅದು ಬರೀ ಒಡಕು ಗಾಜಿನ ರಾಶಿ, ನೋಡಿದವರಿಗೆ ಏನೂ ತಿಳಿಯದು. ಆಮೇಲೆ ಅವಳು ತನ್ನ ದಪ್ಪ ದಿಮ್ಮಿಯ ಅಚ್ಚನ್ನು ಪಕ್ಕದಲ್ಲಿಟ್ಟು ಏಪ್ರನ್ ಸಿಕ್ಕಿಸಿದಳು.

ಆ ದಿನಗಳಲ್ಲಿ ನಾನು ಎಷ್ಟು ಸಲ ಚಿಲಕದ ಹತ್ತಿರ ಕೈ ಒಯ್ದೆನೋ ದೇವರಿಗೇ ಗೊತ್ತು. ಒಂದೇ ಕ್ಷಣ ಬಾಗಿಲು ತೆರೆದರೆ ನನ್ನದು ಉಳಿಯುತ್ತದೆ, ಅವಳದು ಸೀಳುತ್ತದೆ. ಯಾರಿಗೂ ತಿಳಿಯುವುದೂ ಇಲ್ಲ. ಏಪ್ರನ್ನಿನ ಅಂಚು ಬೆರಳಿಗೆ ತಾಗಿದ ಕೂಡಲೇ ಕೈ ಹಿಂದೆ ಬರುತ್ತಿತ್ತು.

ಒಂದು ಬೆಳಗ್ಗೆ ಹೋಗಿ ನೋಡಿದರೆ ಏಪ್ರನ್ ನೆಲದ ಮೇಲೆ ಬಿದ್ದಿದೆ, ಒಲೆಯ ಬಾಗಿಲು ತೆರೆದಿದೆ, ಮುಂದೆ ಬ್ಲಾಂಕಾ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ.

"ಇನ್ನೂ ವಾರ ಇತ್ತಲ್ಲೇ!"

"ಇತ್ತು. ನಂದು ಸೀಳ್ತು, ಮೇಲಿಂದ ಕೆಳಗೆ. ನಿಂದು ಚೆನ್ನಾಗಿದೆ ನೋಡು."

"ಯಾರೇ ತೆಗ್ದಿದ್ದು?"

"ನಾನೇ ಕಣೇ. ನಿಂದು ನೋಡ್ಬೇಕಿತ್ತು. ಇವಳು ಏನೋ ದೊಡ್ಡದು ಮಾಡಿದಾಳೆ, ನನ್ನ ಮೀರಿಸ್ತಾಳೆ ಅಂತ ಹೊಟ್ಟೆಕಿಚ್ಚು, ನಿದ್ದೇನೇ ಇಲ್ಲ. ಬೆರಳಷ್ಟು ಸರಿಸಿ ನೋಡಣ ಅಂದ್ಕೊಂಡೆ. ಮಡಿಕೆ ಕಾಣಿಸ್ತು, ಇನ್ನಷ್ಟು ತೆಗ್ದೆ. ಟಣ್ ಅಂತು." ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. "ಮೀರಿಸಿದೀಯ ಮಾರಾಯ್ತಿ."

ಸುಳ್ಳು ಹೇಳುವುದಿಲ್ಲ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪ್ರದರ್ಶನದ ಮೊದಲ ದಿನ ದೀಪದ ಕೆಳಗೆ ನನ್ನ ತಲೆವಸ್ತ್ರವಿತ್ತು, ಪಕ್ಕದಲ್ಲಿ ನನ್ನ ಹೆಸರಿತ್ತು. ಜನ ಮಾತ್ರ ಬ್ಲಾಂಕಾಳ ಸುತ್ತ ನೆರೆದಿದ್ದರು. ಅವಳು ವೈನ್ ಲೋಟ ಹಿಡಿದು, "ಇವಳ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ಗಾಜು ನಾನೇ ಒಡ್ಕೊಂಡೆ ಕಣ್ರೀ!" ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವಳ ಹೆಗಲು ತಟ್ಟುತ್ತಿದ್ದರು. ನಾನು ಆಯುಷ್ಯವಿಡೀ ಹೊಟ್ಟೆಯೊಳಗೆ ಬಚ್ಚಿಟ್ಟದ್ದನ್ನು ಇವಳು ಒಂದು ಗುಟುಕು ವೈನಿನ ನಡುವೆ ಹೇಳಿ ಮುಗಿಸಿದ್ದಳು. ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ನನ್ನ ಕಡೆ ತಿರುಗಿ ಕೇಳಿದಳು: "ನಿಜ ಹೇಳೇ ದಾಶಾ, ನಿನಗೆ ಯಾವತ್ತಾದ್ರೂ ನನ್ನ ಮೇಲೆ ಹೊಟ್ಟೆಕಿಚ್ಚು ಬಂದಿತ್ತಾ?"

ಎಲ್ಲರೂ ನನ್ನನ್ನೇ ನೋಡಿದರು.

"ಛೆ, ನನಗ್ಯಾಕೇ?" ಎಂದೆ. ಕರವಸ್ತ್ರ ತೆಗೆದು, ತಲೆವಸ್ತ್ರವಿಟ್ಟ ಮೇಜಿನ ಮೇಲಿನ ಧೂಳು ಒರೆಸತೊಡಗಿದೆ.