ಹೊಗೆಯಂತ್ರದ ಟರ್ಪಾಲು

ಪಾಣೆಮಂಗಳೂರಿನ ನಮ್ಮ ಓಣಿಯಲ್ಲಿ ಡೆಂಗಿ ಹಬ್ಬಿತ್ತು. ನನ್ನ ಹೆಂಡತಿಯೂ ಮಲಗಿದ್ದಳು. ಸೊಳ್ಳೆಗೆ ಹೊಗೆ ಬಿಡಿಸಿ ಎಂದು ಕೇಳಲು ಪುರಸಭೆ ಕಚೇರಿಗೆ ಹೋದೆ.

"ಯಂತ್ರ ಉಂಟು ಅಜ್ಜ, ಡೀಸೆಲಿಗೆ ಅನುದಾನ ಬರಲಿಲ್ಲ. ನೀವು ಮನೆ ಸುತ್ತ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ," ಎಂದರು ಅಧಿಕಾರಿ.

ಯಂತ್ರ ಕಚೇರಿಯ ಅಂಗಳದಲ್ಲೇ ಟರ್ಪಾಲು ಹೊದ್ದು ಕೂತಿತ್ತು. ಟರ್ಪಾಲಿನ ತಗ್ಗಿನಲ್ಲಿ ಮಳೆನೀರು ನಿಂತು, ಅದರಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಆ ನೀರನ್ನು ನನ್ನ ಕುಡಿಯುವ ನೀರಿನ ಬಾಟಲಿಗೆ ತುಂಬಿಸಿ ತಂದು ಅವರ ಮೇಜಿನ ಮೇಲಿಟ್ಟೆ.

"ಇದೆಂಥದ್ದು ಮಾರಾಯ್ರೆ?"

"ನಿಮ್ಮ ಯಂತ್ರ ಸಾಕಿದ ಮರಿಗಳು. ಹೊಗೆ ಬಿಡುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ಸಂಜೆಯೊಳಗೆ ಎಲ್ಲಿಂದಲೋ ಡೀಸೆಲ್ ಬಂತು. ಮೊದಲು ಕಚೇರಿಗೇ ಹೊಗೆ ಬಿಟ್ಟರು, ಆಮೇಲೆ ನಮ್ಮ ಓಣಿಗೆ.

ಹೆಂಡತಿ ಈಗ ಎದ್ದು ಓಡಾಡುತ್ತಾಳೆ. ಬಾಟಲಿಯನ್ನು ಎಸೆಯಲು ನಾನು ಬಿಟ್ಟಿಲ್ಲ. ಮುಂದಿನ ಮಳೆಗಾಲಕ್ಕೂ ಬೇಕಾದೀತು.