ನನ್ನ ದ್ರಾಕ್ಷಿ ಬಳ್ಳಿ

ವಾಡಿ ಸ್ಟೇಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸಕ್ಕಿದ್ದ ಪಕ್ಕದ ಮನೆಯ ಚಾಚಾ ಏನು ಕೇಳಿದರೂ ಮೊದಲು ಅಂಗೈ ಎತ್ತುತ್ತಿದ್ದರು. "ಕಡೀ ಡಬ್ಬಿ ಬರ್ಲಿ, ಆಮ್ಯಾಲ ಹೇಳ್ತೀನ್ರಿ." ಕೊನೆಯ ಡಬ್ಬಿಯ ಕೆಂಪು ದೀಪ ಕಾಣುವ ತನಕ ಗಾಡಿ ಪೂರಾ ಬಂತು ಅನ್ನಬಾರದೆಂಬ ಕ್ಯಾಬಿನ್ನಿನ ಕಾಯಿದೆ ಅವರಲ್ಲಿ ಮಳೆಗೂ ಇತ್ತು, ಮದುವೆ ಮಾತುಕತೆಗೂ ಇತ್ತು.

ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಬಚ್ಚಲ ಹಿಂದೆ ತಾನಾಗಿ ಹುಟ್ಟಿದ ಬಳ್ಳಿ ನಾಲ್ಕೆಲೆ ಬಿಟ್ಟಿದ್ದೇ ತಡ, ದ್ರಾಕ್ಷಿ ಎಂದು ಓಣಿಗೆಲ್ಲ ಸಾರಿದೆ. ದ್ರಾಕ್ಷಿ ಬಳ್ಳಿಯನ್ನು ನಾನು ಕಂಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಹಾಗಲ ಇರಬೇಕು ಎಂದ ಹೆಂಡತಿಯನ್ನು ಗದರಿದೆ. ಬಳ್ಳಿ ಶಹಾಬಾದ್ ಕಲ್ಲಿನ ಗೋಡೆ ಹಾರಿ, ಚಾಚಾ ಅವರ ಮಲ್ಲಿಗೆಯನ್ನು ಮುಚ್ಚಿ, ಅವರ ತಗಡಿನ ಛಾವಣಿ ಮೇಲೆಲ್ಲ ಹಬ್ಬಿತು. "ಕಿತ್ತಿ ಒಗೀರಿ ಅದನ್ನ" ಎಂದು ಚಾಚಿ ಕೂಗಿದರೆ ಚಾಚಾ ಅಂಗೈ ಎತ್ತುತ್ತಿದ್ದರು. ಹಳದಿ ಹೂ ಬಿಟ್ಟಾಗ "ದ್ರಾಕ್ಷಿ ಹೌದಲ್ರಿ?" ಎಂದು ನಾನೇ ಕೇಳಿದೆ. ಮತ್ತೆ ಅದೇ ಅಂಗೈ.

ಕಾಯಿಗಳೆಲ್ಲ ಅವರ ಬದಿಗೇ ಬಿಟ್ಟವು; ಗೋಡೆಯ ಈಚೆಯಿಂದ ನನಗೆ ಒಂದೂ ಕಾಣಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಊಟಕ್ಕೆ ಕರೆದರು. ರೊಟ್ಟಿಯ ಪಕ್ಕದಲ್ಲಿ ಕಪ್ಪಗೆ ಹುರಿದ ಪಲ್ಯ.

"ಏನ್ರೀ ಇದು?"

ಅಂಗೈ ಎದ್ದಿತು. "ನಿಮ್ಮ ಬಳ್ಳೀದೇ. ಉಣ್ರಿ ಮೊದಲ."

ಮೊದಲ ತುತ್ತಿಗೇ ಕಹಿ ನೆತ್ತಿಗೇರಿತು. ಆದರೂ ಸೋಲುವುದು ಹೇಗೆ? "ಹಸೀ ದ್ರಾಕ್ಷಿ ಹಿಂಗೇ ಇರ್ತದ್ರಿ, ಭಾಳ ರುಚಿ" ಎನ್ನುತ್ತ ನುಂಗಿದೆ. ಚಾಚಾ ಎದುರಿಗೆ ಕೂತು, ಹಾದುಹೋಗುವ ಡಬ್ಬಿಗಳನ್ನು ನೋಡಿದಂತೆ ನನ್ನ ಒಂದೊಂದು ತುತ್ತನ್ನೂ ನೋಡಿದರು.

ತಾಟು ಖಾಲಿಯಾಯಿತು. ಅವರು ಅಂಗೈ ಇಳಿಸಿದರು.

"ಹಾಂ, ಈಗ ಹೇಳ್ತೀನ್ರಿ. ಹಾಗಲಕಾಯಿ."