ಉತ್ತರದ ಡೆಕ್ಕಿನ ಸಂಡಿಗೆ

ಈಚೆಗೊಂದು ದಿನ ಮೊಮ್ಮಗಳು ನಿಶಾ ಲ್ಯಾಪ್‌ಟಾಪ್ ಹಿಡಿದು ಡೆಕ್ಕಿಗೆ ಬಂದಾಗ ನಾನು ಸಂಡಿಗೆ ಒಣಗಿಸುತ್ತಿದ್ದೆ. ಆಕ್ಲೆಂಡಿನಲ್ಲಿ ಬಿಸಿಲು ಬಿದ್ದ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದುಂಟೇ?

“ಅಜ್ಜೀ, ಯು ಲಿವ್ಡ್ ದೇರ್. ಚೆಕ್ ಮಾಡು, ಪ್ಲೀಸ್.”

ಹುಡುಗಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ರಾಜಸ್ಥಾನದ ಮರುಭೂಮಿಯಲ್ಲಿ ಕಲ್ಲುಗಣಿ ಕೆಲಸಗಾರರಿಗೆ ಕಡಿಮೆ ಖರ್ಚಿನ ಮನೆಗಳ ಕಾಲೊನಿ ರೂಪಿಸುವ ಸ್ಪರ್ಧೆಗೆ ಸೇರಿದ್ದಳು. ಗೆದ್ದ ಡಿಸೈನನ್ನು ನಿಜವಾಗಿಯೂ ಕಟ್ಟುತ್ತಾರಂತೆ. (ಮದುವೆಯಾದ ಹೊಸದರಲ್ಲಿ ಯಜಮಾನರಿಗೆ ಆ ಕಡೆ ವರ್ಗವಾಗಿ, ನಾನು ಸಂಸಾರ ಹೂಡಿದ್ದೇ ಅಲ್ಲಿ.)

ಎಷ್ಟು ಮುದ್ದಾಗಿತ್ತು! ಸಾಲು ಮನೆಗಳು, ನಡುವೆ ನೀರಿನ ತೊಟ್ಟಿ, ಸಂಜೆ ಹರಟಲು ಕಟ್ಟೆ. ಉತ್ತರಕ್ಕೆ ಕಿಟಕಿಯೇ ಇಲ್ಲದ ದಪ್ಪ ಗೋಡೆ. ದಕ್ಷಿಣಕ್ಕೆ ತೆರೆದ ಅಂಗಳ.

“ಸನ್ ನಾರ್ತ್‌ನಿಂದ ಬರತ್ತಲ್ಲಾ, ಸೋ ಅಂಗಳ ತಣ್ಣಗಿರತ್ತೆ. ರೈಟ್?”

ತಲೆಯೆತ್ತಿ ನೋಡಿದೆ. ಬಿಸಿಲು ಉತ್ತರದಿಂದಲೇ ಸಂಡಿಗೆಯ ಮೇಲೆ ಬೀಳುತ್ತಿತ್ತು. ಇಲ್ಲಿ ಹಾಗೇ ತಾನೆ? ಮನೆ ಮಾರುವವರ ಬೋರ್ಡುಗಳಲ್ಲೂ ‘ನಾರ್ತ್ ಫೇಸಿಂಗ್’ ಎಂಬುದೇ ದೊಡ್ಡ ಜಂಬ.

“ಪರ್ಫೆಕ್ಟ್, ಕಂದಾ,” ಎಂದೆ.

ವಾರ ಕಳೆದು, ಆನ್‌ಲೈನ್‌ನಲ್ಲಿ ಜಡ್ಜ್‌ಗಳಿಗೆ ಡಿಸೈನ್ ತೋರಿಸಿ ಎದ್ದು ಬಂದವಳ ಮುಖ ಬಾಡಿತ್ತು.

“ಏನಾಯ್ತೇ?”

“ಇವು ಮನೆಗಳೋ ಓವನ್‌ಗಳೋ ಅಂತ ಕೇಳಿದ್ರು. ಅಲ್ಲಿ ಸನ್ ಸೌತ್‌ನಲ್ಲಿರತ್ತೆ, ಅಜ್ಜಿ. ಎವ್ರಿಬಡಿ ಲಾಫ್ಡ್. ಐ ಆ್ಯಮ್ ಔಟ್.”

ಮೆಲ್ಲಗೆ ಅಂದಳು: “ಬಟ್ ಯು ಲಿವ್ಡ್ ದೇರ್.”

ಹೌದು, ಇದ್ದೆ. ಇಲ್ಲಿ ಹುಟ್ಟಿದ ಮಗುವಿಗೆ ಗೊತ್ತಾಗದಿರಬಹುದು, ನನಗೆ? ಅಲ್ಲಿಯ ನಮ್ಮ ಮನೆಯ ದಕ್ಷಿಣದ ಗೋಡೆಯನ್ನು ಸಂಜೆಯಾದರೂ ಮುಟ್ಟಲಾಗುತ್ತಿರಲಿಲ್ಲ. ಅದರ ಪಕ್ಕದಲ್ಲೇ ಸಂಡಿಗೆ ಹರವುತ್ತಿದ್ದೆ. ಊಟದ ಹೊತ್ತಿಗೆ ಗರಿಗರಿ. ಕಾನ್ವೆಂಟಿನಲ್ಲಿ ಸಿಸ್ಟರ್ ಗ್ಲೋಬ್ ತಿರುಗಿಸಿ ತಿರುಗಿಸಿ ಕಲಿಸಿದ್ದೂ ಇದನ್ನೇ: ಭೂಮಧ್ಯರೇಖೆ ದಾಟಿದರೆ ಬಿಸಿಲಿನ ದಿಕ್ಕು ಬದಲು. ಪಾಠ ಮರೆತದ್ದಕ್ಕೆ ದುಃಖವಿಲ್ಲ, ವಯಸ್ಸು. ಆದರೆ ಬೆನ್ನು ಸುಟ್ಟುಕೊಂಡು ಕಲಿತದ್ದು?

ಊರು ಬಿಟ್ಟವರು ಭಾಷೆ ಮರೆಯುತ್ತಾರೆ, ಹಬ್ಬ ಮರೆಯುತ್ತಾರೆ ಎಂದು ಇಲ್ಲಿ ನಾವು ನಾಲ್ಕು ಜನ ಸೇರಿದಾಗಲೆಲ್ಲ ಹಲುಬುತ್ತೇವೆ. ಬಿಸಿಲನ್ನೂ ಮರೆಯುತ್ತೇವೆ ಎಂದು ಯಾರೂ ಹೇಳಿರಲಿಲ್ಲ.

ನಿಶಾ ಒಳಗೆ ಕೂತು ಆ ಮನೆಗಳನ್ನೆಲ್ಲ ಮತ್ತೆ ತಿರುಗಿಸಿ ಬರೆಯುತ್ತಿದ್ದಾಳೆ. ಗೆಲ್ಲಲಿಕ್ಕಲ್ಲ, ಮನಸ್ಸು ತಡೆಯದೆ. ಬಾಗಿಲಲ್ಲಿ ನಿಂತೆ. ಈ ಸಲ ಚೆಕ್ ಮಾಡು ಎನ್ನಲಿಲ್ಲ.

ಇನ್ನು ನಾನು ಅವಳಿಗೆ ಯಾವ ಊರಿನ ಅಜ್ಜಿ?